ನಮ್ಮ ಪಡಸಾಲೆಯ ಸಿಗ್ನಲ್ಲುಗಳು

ಆಟದ ರೈಲು ಓಡಿಸುವುದು ಸುಲಭ, ಅದಕ್ಕೆ ಸಿಗ್ನಲ್ ನಿಲ್ಲಿಸಲು ಹೋದವನ ಮನೆಯಲ್ಲಿ ಮಾತ್ರ ದಿನಕ್ಕೊಂದು ಫಜೀತಿ ತಪ್ಪುವುದಿಲ್ಲ. ನಾನು ನಂದೂರಿನ ಬೇಳೆ ಮಿಲ್ಲಿನ ಕಚೇರಿಯಲ್ಲಿ ಕೆಲಸ ಮಾಡುವವ. ಸಂಜೆ ಕಲಬುರಗಿಯ ಮನೆಗೆ ಬಂದರೆ ಪಡಸಾಲೆಯ ಮೇಜಿನ ಮೇಲೆ ಪುಟ್ಟದೊಂದು ರೈಲು ನಿಲ್ದಾಣ ಕಟ್ಟುತ್ತಾ ಕೂರುತ್ತಿದ್ದೆ. ನನ್ನ ಹೆಂಡತಿ ಕಮಲಾಪುರದ ಶಾಲೆಯಲ್ಲಿ ಟೀಚರ್. "ನಮ್ಮ ಸಾಲಿ ವಿಜ್ಞಾನ ಪ್ರದರ್ಶನಕ್ಕ ಇದನ್ನ ಇಡೋಣು. ಉದ್ಘಾಟನೆಗೆ ನಮ್ಮಪ್ಪ ಬರ್ತಾರ" ಎಂದಳು. ಅಲ್ಲಿಗೆ ನನ್ನ ನಿದ್ದೆ ಹೋಯಿತು. ಮಾವನವರು ಇಡೀ ಜನ್ಮ ಗೂಡ್ಸ್ ಗಾಡಿ ಓಡಿಸಿ ನಿವೃತ್ತರಾಗಿ ಕಮಲಾಪುರದಲ್ಲೇ ನೆಲೆಸಿದವರು. ನಾನು ಅವರ ಅಳಿಯನಾದಂದಿನಿಂದ ನನ್ನ ಯಾವ ಕೆಲಸಕ್ಕೂ "ಚಲೋ" ಎಂದವರಲ್ಲ, "ಹ್ಞೂಂ" ಎನ್ನುವುದೇ ಹೆಚ್ಚು. ಈ ಸಲವಾದರೂ ಆ ಒಂದು ಮಾತು ಕೇಳಬೇಕಿತ್ತು.

ಯಮನ ದಿಕ್ಕು

ಸಿಗ್ನಲ್ಲಿನ ಮುಖ ಬರುವ ಗಾಡಿಯ ಡ್ರೈವರ್ ಕಡೆ ಇರಬೇಕು. ಹಾಗೇ ನಿಲ್ಲಿಸಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಅರ್ಧ ಸಿಗ್ನಲ್ಲುಗಳು ಡ್ರೈವರಿಗೆ ಬೆನ್ನು ತಿರುಗಿಸಿ ನಿಂತಿವೆ. ಸರಿ ಮಾಡಿ ಕೆಲಸಕ್ಕೆ ಹೋದೆ. ಸಂಜೆ ಬಂದರೆ ಮತ್ತೆ ಅದೇ ಕತೆ. ತಲೆ ಕೆಟ್ಟಿತು ಅನ್ನುವಾಗ ಅವ್ವ ತಾನಾಗಿಯೇ ಬಾಯಿಬಿಟ್ಟಳು.

"ನಾನೇ ತಿರುವೀನಿ. ದೀಪದ ಮುಖ ದಕ್ಷಿಣಕ್ಕ ಇರಬಾರದು. ಅದು ಯಮನ ದಿಕ್ಕು."

"ಅವ್ವಾ, ಸಿಗ್ನಲ್ ಕಾಣದಿದ್ರ ಡ್ರೈವರ್ ಸೀದಾ ಯಮನ ಹಂತ್ಯಾಕೇ ಹೋಗ್ತಾನ."

"ಹೋಗ್ಲಿ, ನಮ್ಮ ಮನ್ಯಾಗಿಂದ ಬ್ಯಾಡ."

ಅವ್ವನ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಕೊನೆಗೆ ಹಳಿ ಪೂರ್ವ ಪಶ್ಚಿಮವಾಗುವಂತೆ ಮೇಜನ್ನೇ ತಿರುಗಿಸಿದೆವು. ಸಿಗ್ನಲ್ಲುಗಳು ಸರಿಹೋದವು, ಆದರೆ ಮೇಜು ಅಡುಗೆಮನೆಯ ಬಾಗಿಲಿಗೆ ಅಡ್ಡ ಬಂತು. ಅಂದಿನಿಂದ ಅವ್ವ ಚಹಾದ ಕಪ್ಪು ಹಿಡಿದು ಮೇಜಿನ ಕೆಳಗೆ ಬಗ್ಗಿಯೇ ಬರುತ್ತಿದ್ದಳು. ಬರುವ ಮೊದಲು ಒಳಗಿಂದ ಕೂಗುತ್ತಿದ್ದಳು: "ಗಾಡಿ ಹೋತೇನಪಾ, ದಾಟಲೇನು?"

ಕಟ್ಟೆಯ ಮೇಲಿನ ಹಳದಿ ದೀಪ

ನಿಲ್ದಾಣ ಇನ್ನೂ ದೂರವಿರುವಾಗಲೇ ಡ್ರೈವರಿಗೆ ಎಚ್ಚರಿಕೆ ಕೊಡುವ ಒಂದು ಸಿಗ್ನಲ್ ಇರುತ್ತದೆ. ಅದರ ಹಳದಿ ಕಂಡರೆ ಮುಂದೆ ನಿಲ್ಲಲು ತಯಾರಾಗಬೇಕು. ಸರಿಯಾದ ಅಳತೆ ಹಾಕಿದರೆ ಅದು ನಮ್ಮ ಪಡಸಾಲೆ, ಅಂಗಳ ಎಲ್ಲ ದಾಟಿ ಪಕ್ಕದ ಮನೆಯ ಕಟ್ಟೆಯ ಮೇಲೆ ಬೀಳುತ್ತಿತ್ತು. ಬೇರೆಯವರಾಗಿದ್ದರೆ ಮೇಜಿನ ತುದಿಗೇ ಅಂಟಿಸಿ ಸುಮ್ಮನಾಗುತ್ತಿದ್ದರು. ನನಗೆ ಮಾವನವರ "ಹ್ಞೂಂ" ಕಿವಿಯಲ್ಲಿ ಕೇಳುತ್ತಿತ್ತು. ಪಕ್ಕದ ಮನೆಯ ಕಾಕಾರನ್ನು ಕಾಡಿ ಬೇಡಿ, ಒಮ್ಮೆ ಪರೀಕ್ಷೆ ಮಾಡಿ ನೋಡಲೆಂದು ವೈರು ಎಳೆದು ಅವರ ಕಟ್ಟೆಯ ಮೇಲೆಯೇ ನಿಲ್ಲಿಸಿದೆ.

ಕಾಕಾ ಸ್ಕೂಟರ್ ಹೊರಗೆ ತೆಗೆಯುವಾಗೆಲ್ಲ ನನ್ನನ್ನು ಕರೆಯತೊಡಗಿದರು. "ಹಳದಿ ಅದ ನೋಡ್ರಿ. ನಿಧಾನ ಹೋಗ್ಲೇನು?"

ಎರಡು ದಿನ ಇದನ್ನು ಕೇಳಿಸಿಕೊಂಡ ಅವರ ಹೆಂಡತಿ ಕಾಕು ಹೊರಗೆ ಬಂದರು. "ಕೆಂಪು ಒಂದು ಇದ್ರ ಕೊಡ್ರಿ. ಇವ್ರು ಪಾನ್ ಅಂಗಡಿಗಿ ಹೋಗೋ ದಾರ್ಯಾಗ ನಿಂದ್ರಸ್ತೀನಿ."

ಹಸಿರು ಖಣ

ಪ್ರದರ್ಶನದ ದಿನ ಕಮಲಾಪುರದ ಶಾಲೆಯ ಉದ್ದನೆಯ ವರಾಂಡದಲ್ಲಿ ನಿಲ್ದಾಣ ಜೋಡಿಸಿದೆ. ಒಂದೊಂದು ಸಿಗ್ನಲ್ಲನ್ನೂ ಹಳಿಗೆ ಕಣ್ಣು ಹಚ್ಚಿ ನೋಡಿದೆ, ಮತ್ತೆ ನೋಡಿದೆ. ಬೆಳಗಿನ ನಾಷ್ಟಾ ಹಾಗೇ ಬಿಟ್ಟು ಬಂದಿದ್ದೆ. ಅವ್ವನೂ ಬಂದಿದ್ದಳು. ಬೆಳಗ್ಗೆ ಬೀಗರ ಮನೆಯಲ್ಲಿ ಅವಳಿಗೆ ಹಸಿರು ಕುಪ್ಪಸದ ಖಣ, ತೆಂಗಿನಕಾಯಿ, ಕೆಂಪು ಬಾಳೆಹಣ್ಣು ಹಾಕಿ ಉಡಿ ತುಂಬಿದ್ದರು. ಅವಳನ್ನು ಮೇಜಿನ ಹತ್ತಿರ ಕೂರಿಸಿ ಮಾವನವರನ್ನು ಕರೆತರಲು ಗೇಟಿಗೆ ಹೋದೆ.

ಗುಂಡಿ ಒತ್ತಿ ಗಾಡಿ ಬಿಡುವುದೇ ಉದ್ಘಾಟನೆ. ಮಾವನವರು ಗುಂಡಿಯ ಮೇಲೆ ಬೆರಳಿಟ್ಟರು, ಡ್ರೈವರ್ ನೋಡುವಷ್ಟು ಎತ್ತರಕ್ಕೆ ಬಗ್ಗಿದರು, ಬೆರಳು ತೆಗೆದರು.

"ಕೆಂಪು ಅದ."

ಸ್ವಿಚ್ ಹಸಿರಿಗೇ ಇತ್ತು. ವೈರು ಅಲುಗಾಡಿಸಿದೆ, ಸ್ವಿಚ್ ಮೇಲೆ ಕೆಳಗೆ ಮಾಡಿದೆ. ಹೆಡ್ ಮಾಸ್ತರರು, "ಸುಮ್ಮ ಒತ್ರಿ ಸರ್, ಆಟದ ಗಾಡಿ ಅದ" ಎಂದರು.

"ಕೆಂಪು ಇದ್ದಾಗ ಗಾಡಿ ಬಿಟ್ಟಾಂವ ಅಲ್ರಿ ನಾ" ಎಂದು ಮಾವನವರು ಕೈಕಟ್ಟಿ ನಿಂತರು.

ಹತ್ತಿರ ಹೋಗಿ ನೋಡಿದೆ. ಸಿಗ್ನಲ್ಲಿನ ಹಸಿರು ದೀಪದ ಮೇಲೆ ದಪ್ಪನಾಗಿ ಒದ್ದೆ ಕುಂಕುಮ. ಬುಡದಲ್ಲಿ ನಾಲ್ಕು ಕಾಳು ಅಕ್ಷತೆ.

"ನೀ ಅಂಜಿ ನಡಗೋದು ನೋಡಾಕ ಆಗ್ಲಿಲ್ಲಪಾ. ಅದಕ್ಕ ಪೂಜಿ ಮಾಡೀನಿ" ಎಂದಳು ಅವ್ವ. ನಾನು ಕರವಸ್ತ್ರ ತೆಗೆದೆ. "ಹಚ್ಚಿದ ಕುಂಕುಮ ಒರಸಬ್ಯಾಡ" ಎಂದು ಕೈ ಹಿಡಿದಳು.

ಈಚೆ ಮಾವ, ಆಚೆ ಅವ್ವ, ನಡುವೆ ಹೊರಡದ ಗಾಡಿ. ನನಗೆ ಅಳು ಬರುವುದೊಂದು ಬಾಕಿ. ಮಾವನವರೇ ಗಂಟಲು ಸರಿಪಡಿಸಿಕೊಂಡರು. "ಸಿಗ್ನಲ್ ಕೆಟ್ರ ಯಾರರೆ ನಿಂತು ಹಸಿರು ಬಾವುಟ ತೋರಸಬೇಕು. ಎಲ್ಲಾ ಮಾಡೀರಿ ಅಳಿಯಾವ್ರ, ಬಾವುಟ ಎಲ್ಲದ?"

ನಾನು ಮಾಡಿರಲಿಲ್ಲ. ಅವ್ವ ಚೀಲದಿಂದ ಉಡಿಯ ಖಣ ತೆಗೆದು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಮಾವನವರು ಗುಂಡಿ ಒತ್ತಿದರು. ಗಾಡಿ ಹೊರಟಿತು, ಜನ ಚಪ್ಪಾಳೆ ತಟ್ಟಿದರು.

ಮಾವನವರು ನನ್ನ ಕಡೆಗೇ ಬಂದರು. ನಾನು ಅಂಗಿ ಸರಿಮಾಡಿಕೊಂಡು ನಿಂತೆ. ಅವರು ನನ್ನನ್ನು ದಾಟಿ ಹೋಗಿ ಅವ್ವನಿಗೆ ಕೈಮುಗಿದರು. "ಭಾಳ ಚಲೋ ತೋರಿಸಿದ್ರಿ, ಅಕ್ಕಾರ."

ಆಮೇಲೆ ತಿರುಗಿ ಸಿಗ್ನಲ್ಲುಗಳ ಸಾಲನ್ನು ತುದಿಯಿಂದ ತುದಿಗೆ ನೋಡಿ ನನಗೆ, "ಹ್ಞೂಂ. ಎಲ್ಲಾ ಜಾಗಾಕ್ಕ ಅದಾವ" ಎಂದರು. ಅಷ್ಟಕ್ಕೇ ನನಗೆ ಹಸಿವಾಯಿತು.

ಅವ್ವ ಆ ಖಣವನ್ನು ಇನ್ನೂ ಹೊಲಿಯಲು ಕೊಟ್ಟಿಲ್ಲ. ಮನೆಯಲ್ಲಿ ಈಗ ಅವಳು ಮೇಜಿನ ಕೆಳಗಿಂದ ಬಗ್ಗಿ ಬಂದು ಅದನ್ನು ತೋರಿಸುವ ತನಕ ಗಾಡಿ ಬಿಡುವ ಹಾಗಿಲ್ಲ. ಬಿಟ್ಟರೆ ಕಮಲಾಪುರಕ್ಕೆ, ಮಾವನವರಿಗೇ ಫೋನ್ ಮಾಡುತ್ತಾಳೆ.