ಎನ್. ಟ್ರೆಲೋರ್, ಜರ್ಸಿ ಮೂವತ್ತೊಂದು

ನೋರಿಸ್ ಟ್ರೆಲೋರ್ ಅಡುಗೆಮನೆಯ ಮೇಜಿನ ಮುಂದೆ ಕೂತು, ಬೆಣ್ಣೆ ಸವರುವ ಚಾಕುವಿನಿಂದ ಹಳೆಯ ಬಿಸ್ಕತ್ತಿನ ಡಬ್ಬಿಯೊಂದರ ತುಕ್ಕು ಕೆರೆಯುತ್ತಿದ್ದ. ಎದುರಿಗೆ ಅವನ ಹೆಂಡತಿ ಲೊರೇನ್ ಮಧ್ಯಾಹ್ನದ ಕೂಟಕ್ಕೆಂದು ಸ್ಯಾಂಡ್‌ವಿಚ್ಚಿನ ಅಂಚು ಕತ್ತರಿಸುತ್ತಿದ್ದಳು. ತುಕ್ಕು ಸ್ಯಾಂಡ್‌ವಿಚ್ಚಿನ ಮೇಲೆ ಉದುರುವುದನ್ನು ಲೊರೇನ್ ನೋಡುತ್ತಿದ್ದಳು. ಅವಳು ನೋಡುತ್ತಿರುವುದು ಕಾಣದವನಂತೆ ನೋರಿಸ್ ಕೆರೆಯುತ್ತಿದ್ದ.

ಮುಚ್ಚಳ ಕೊನೆಗೂ ಕಿರ್ ಎಂದು ಎದ್ದಿತು. ಒಳಗೆ ಅಂಟು ಹಾಕಿದ ಇಪ್ಪತ್ನಾಲ್ಕು ಲಕೋಟೆಗಳು, ಹತ್ತಿಯಲ್ಲಿ ಸುತ್ತಿದ ಒಂದು ಪದಕ, ತಳದಲ್ಲಿ ಮಡಿಸಿದ ಒಂದು ಹಾಳೆ ಇದ್ದವು.

“ಇವೇ ಕಣೇ, ಎಪ್ಪತ್ತೆಂಟರ ವೋಟುಗಳು,” ಎಂದ ನೋರಿಸ್.

“ಮುಚ್ಚಿಡು,” ಎಂದಳು ಲೊರೇನ್.

ಡಬ್ಬಿ ಕುಲಬಿನ್ ಲೈನ್ ಲೀಗಿನ ಕಾರ್ಯದರ್ಶಿಯಾಗಿದ್ದ ಮಿಸ್ ಪಾಸ್ಕೋ ಅವರದು. ಅವರು ಹೋದ ತಿಂಗಳು ತೀರಿಕೊಂಡಾಗ ಅವರ ಮಂಚದ ಕೆಳಗೆ ಸಿಕ್ಕಿತ್ತು. ಲೀಗು ಅವರಿಗಿಂತ ಇಪ್ಪತ್ತೈದು ವರ್ಷ ಮೊದಲೇ ತೀರಿಕೊಂಡಿತ್ತು. ರೈಲು ಹಳಿಯ ಪಕ್ಕದ ನಾಲ್ಕು ಗೋಧಿಯೂರುಗಳ ನಾಲ್ಕು ಫುಟ್‌ಬಾಲ್ ತಂಡಗಳು ಅದರಲ್ಲಿದ್ದವು. ಆ ಸೀಮೆಯ ಫುಟ್‌ಬಾಲಿನಲ್ಲಿ ಗೋಲಿಗೆ ಆರು ಪಾಯಿಂಟು, ಚೆಂಡು ಕಂಬದ ಪಕ್ಕ ಹೋದರೆ ಒಂದು. ಎಪ್ಪತ್ತೆಂಟರ ಫೈನಲ್ ಮುಗಿದ ವಾರವೇ ಎರಡು ತಂಡಗಳು ದೊಡ್ಡ ಲೀಗಿಗೆ ಓಡಿಹೋದವು. ಉಳಿದ ಎರಡು, ನೋರಿಸ್‌ನ ಊರು ಕುಲಬಿನ್ ಮತ್ತು ಟ್ಯಾರಿನ್, ಮಾತು ಬಿಟ್ಟವು. ಹಾಗಾಗಿ ಆ ವರ್ಷದ ‘ಉತ್ತಮ ಹಾಗೂ ಸಭ್ಯ ಆಟಗಾರ’ ಯಾರೆಂದು ಯಾರೂ ಎಣಿಸಲೇ ಇಲ್ಲ. ಪ್ರತಿ ಪಂದ್ಯದ ಕೊನೆಯಲ್ಲಿ ಅಂಪೈರು ಮೂವರ ಹೆಸರು ಬರೆದು, ಅವರಿಗೆ ಮೂರು, ಎರಡು, ಒಂದು ವೋಟು ಹಾಕಿ ಅಂಟಿಸಿಕೊಟ್ಟ ಲಕೋಟೆಗಳು ಹಾಗೇ ಮಂಚದ ಕೆಳಗೆ ಸೇರಿದವು.

ನೋರಿಸ್ ಮೂರು ವರ್ಷ ಕೂತು ಆ ಲೀಗಿನ ಇತಿಹಾಸ ಬರೆದಿದ್ದ. ಇನ್ನೂರ ಹನ್ನೆರಡು ಪುಟ. ಯಾವ ವರ್ಷ ಯಾರ ಹಸು ಗೋಲು ಕಂಬ ಉರುಳಿಸಿತು ಎಂಬುದೂ ಬಿಟ್ಟುಹೋಗಿರಲಿಲ್ಲ. ಊರಿನ ಬೋರ್ಡುಗಳ ಮೇಲೆ ಎಲ್ಲರ ಹೆಸರೂ ಬಂಗಾರದ ಬಣ್ಣದಲ್ಲಿತ್ತು. ಜೀವಮಾನವಿಡೀ ತಗಡಿನ ಗೂಡಿನಲ್ಲಿ ಕೂತು ಸ್ಕೋರಿನ ಅಂಕಿ ತೂಗುಹಾಕಿದ ನೋರಿಸ್‌ನದು ಮಾತ್ರ ಎಲ್ಲೂ ಇರಲಿಲ್ಲ. ಈ ಪುಸ್ತಕದ ಹೊದಿಕೆಯ ಮೇಲೆ ಇತ್ತು. ಎರಡೂ ಊರಿನ ಹಳೇ ಆಟಗಾರರು ಸೇರಿ ಆಡುವ ಇವತ್ತಿನ ಕೂಟದಲ್ಲಿ ಕ್ಲಬ್ಬಿನ ಸಮಿತಿ ಒಪ್ಪಿದರೆ ಸೋಮವಾರ ಅಚ್ಚಿಗೆ. ಕೊನೆಯ ಪುಟದಲ್ಲಿ ಒಂದೇ ಒಂದು ಸಾಲು ಖಾಲಿ ಉಳಿದಿತ್ತು: ಎಪ್ಪತ್ತೆಂಟರ ಪದಕ ಯಾರಿಗೆ.

“ಆ ಸಾಲು ಖಾಲಿ ಇದ್ರೆ ಯಾರು ಸಾಯ್ತಾರೆ?” ಎಂದಳು ಲೊರೇನ್.

“ಹಲ್ಲು ಮುರಿದ ಬಾಚಣಿಗೆ ಥರ ಕಾಣುತ್ತೆ ಕಣೇ.”

“ಒಂದು ಹಲ್ಲು ಹೋದ್ರೂ ತಲೆ ಬಾಚ್ಕೋಬಹುದು. ಮುಚ್ಚಿಡು.”

ನೋರಿಸ್ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ಮನೆಯಿಂದ ಮೈದಾನಕ್ಕೆ ನಾನೂರು ಹೆಜ್ಜೆ. ಆ ಬೆಳಿಗ್ಗೆ ಅದಕ್ಕೆ ಒಂದು ಗಂಟೆ ಹಿಡಿಯಿತು. ಡಬ್ಬಿಯ ಸುದ್ದಿ ಅವನಿಗಿಂತ ಮುಂದೆ ನಡೆದಿತ್ತು. ಕೆಂಪು ಕೂದಲಿದ್ದುದಕ್ಕೇ ಎಲ್ಲರಿಂದ ‘ಬ್ಲೂ’ ಎಂದು ಕರೆಸಿಕೊಳ್ಳುತ್ತಿದ್ದ ಕಸಾಯಿ ಅಂಗಡಿಯ ಗಾರ್ವಿ ಕತ್ತಿ ಹಿಡಿದೇ ಆಚೆ ಬಂದ.

“ನೋರಿ, ಸ್ವಲ್ಪ ಇಣುಕಿ ನೋಡೋಣ್ವಾ?”

“ಎರಡೂ ಊರಿನವರ ಮುಂದೆ ಒಡೀಬೇಕು ಬ್ಲೂ. ನಿಯಮ.”

“ನಿಯಮವಂತೆ. ಲೀಗೇ ಮಣ್ಣಾಗಿದೆ, ಇವನೊಬ್ಬ ಅದರ ಉಗುರು ಕತ್ತರಿಸ್ತಾ ಕೂತಿದಾನೆ.”

ಇಗರ್ಜಿಯ ಮುಂದೆ ಪಾಸ್ಟರ್ ಎವಾಲ್ಡ್ ಕ್ಲೋಸ್ ನಿಂತಿದ್ದರು. ಎತ್ತರದ ಆಳು, ಮೃದು ಮಾತು. ಹುಡುಗನಾಗಿದ್ದಾಗ ರಜೆಯಲ್ಲಿ ಈ ಊರಿಗೆ ಬರುತ್ತಿದ್ದ ಪಾದ್ರಿ ಓದಿನ ವಿದ್ಯಾರ್ಥಿ, ಈಗ ಇಲ್ಲಿಯ ಗುರು.

“ಅದರಲ್ಲಿ ಬರೀ ವೋಟುಗಳೇನಾ ನೋರಿಸ್?” ಎಂದರು. “ಬೇರೆ ಕಾಗದ ಗೀಗದ?”

“ತಳದಲ್ಲೊಂದು ಹಾಳೆ ಇದೆ. ನೋಡಿಲ್ಲ.”

“ನನ್ನ ಹತ್ರ ಕೊಟ್ಟಿರು. ಇಗರ್ಜಿಯ ಬೀರುವಿನಲ್ಲಿ ಭದ್ರವಾಗಿರುತ್ತೆ. ಒಂದು ಹತ್ತು ವರ್ಷ ಇರಲಿ.”

“ಮಧ್ಯಾಹ್ನ ನೀವೇ ಓದಿ ಹೇಳಿ ಪಾಸ್ಟರ್. ನಿಮ್ಮನ್ನಾದ್ರೆ ಟ್ಯಾರಿನ್‌ನವರೂ ನಂಬ್ತಾರೆ.”

ಪಾಸ್ಟರ್ ಬಲಗೈಯನ್ನು ಜೇಬಿಗೆ ಹಾಕಿಕೊಂಡರು.

ಕ್ಲಬ್ಬಿನ ಹಾಲ್ ತುಂಬಿತ್ತು. ಗೋಡೆಯಲ್ಲಿ ಎಪ್ಪತ್ತೆಂಟರ ಫೈನಲ್ ಗೆದ್ದ ನೀಲಿ ಬಾವುಟ ತೂಗುತ್ತಿತ್ತು. ಟ್ಯಾರಿನ್ ಮೇಲೆ ಒಂದೇ ಒಂದು ಪಾಯಿಂಟಿನ ಗೆಲುವು. ಅದರ ಕೆಳಗೆ ಆ ವರ್ಷದ ನಾಯಕ, ಈಗ ಸಮಿತಿಯ ಅಧ್ಯಕ್ಷ ಡೆಸ್ ಹೈನ್ರಿಖ್, ಅದನ್ನು ತಾನೇ ನೇಯ್ದವನಂತೆ ನಿಂತಿದ್ದ. ಎದುರು ಬೆಂಚುಗಳಲ್ಲಿ ಟ್ಯಾರಿನ್‌ನವರು. ಅವರ ನಡುವೆ ಕೆಲ್ವಿನ್ ಮ್ಯಾಡರ್ನ್. ಎಪ್ಪತ್ತೆಂಟರಲ್ಲಿ ತನ್ನಷ್ಟು ಚೆನ್ನಾಗಿ ಆಡಿದವರಿಲ್ಲ ಎಂದು ಕೆಲ್ವಿನ್ ಇಪ್ಪತ್ತೈದು ವರ್ಷದಿಂದ ಹೇಳುತ್ತ ಬಂದಿದ್ದ. ಪದಕಕ್ಕೆಂದು ಮನೆಯ ಗೋಡೆಗೆ ಆಗಲೇ ಮೊಳೆ ಹೊಡೆದಿದ್ದ. ಈಗ ಅದರಲ್ಲಿ ಹೆಂಡತಿಯ ಕೊಡೆ ತೂಗುತ್ತಿತ್ತು.

ಪಾಸ್ಟರ್ ಒಂದೊಂದೇ ಲಕೋಟೆ ಒಡೆದು ಓದಿದರು. ಮ್ಯಾಡರ್ನ್, ಮೂರು. ಟ್ರೆಲೋರ್, ಎರಡು. ಮ್ಯಾಡರ್ನ್, ಮೂರು. ಟ್ರೆಲೋರ್, ಮೂರು.

ಮೂರನೆಯ ಸಲ ತನ್ನ ಹೆಸರು ಕೇಳಿದಾಗ ನೋರಿಸ್ ಚಹಾದ ಲೋಟ ಕೆಳಗಿಟ್ಟ.

ಇಪ್ಪತ್ನಾಲ್ಕನೆಯ ಲಕೋಟೆ ಮುಗಿದಾಗ ಲೆಕ್ಕ ಹೀಗಿತ್ತು: ಕೆಲ್ವಿನ್ ಮ್ಯಾಡರ್ನ್ ಹದಿನಾರು, ನೋರಿಸ್ ಟ್ರೆಲೋರ್ ಹದಿನೇಳು.

ನೋರಿಸ್ ಜನ್ಮದಲ್ಲಿ ಒಂದೇ ಪಂದ್ಯ ಆಡಿದ್ದ, ಅದೂ ಎಪ್ಪತ್ತೇಳರಲ್ಲಿ. ಹತ್ತನೇ ನಿಮಿಷಕ್ಕೆ ಕನ್ನಡಕ ಒಡೆದು ಸ್ಕೋರಿನ ಗೂಡು ಸೇರಿದ್ದ. ಹೆಸರು ಮಾತ್ರ ನೋಂದಣಿ ಪಟ್ಟಿಯಲ್ಲಿ ಉಳಿದಿತ್ತು. ಮರುವರ್ಷ ಕುಲಬಿನ್‌ಗೆ ಪ್ರತಿ ಶನಿವಾರ ಒಬ್ಬ ಆಳು ಕಮ್ಮಿ. ಆ ವಾರ ಯಾರು ಸಿಗುತ್ತಾರೋ ಅವರಿಗೆ ಮೂವತ್ತೊಂದನೇ ನಂಬರಿನ ಜರ್ಸಿ ಹಾಕಿ ‘ಎನ್. ಟ್ರೆಲೋರ್’ ಎಂದು ಬರೆಸಿ ಇಳಿಸುತ್ತಿದ್ದರು. ಕುರಿಯ ಉಣ್ಣೆ ಕತ್ತರಿಸುವವನೊಬ್ಬ, ರೈಲಿನ ಗಾರ್ಡೊಬ್ಬ, ಬೇರೆ ಕಡೆ ನೋಂದಾಯಿಸಿದ್ದ ಬ್ಲೂ. ಪಕ್ಕದ ಮನೆಯವರಿಗೆ ಏಣಿ ಕೊಟ್ಟಂತೆ ನೋರಿಸ್ ಹೆಸರು ಕೊಟ್ಟಿದ್ದ. ಏಣಿ ಪದಕ ಗೆದ್ದುಬರುತ್ತದೆಂದು ಅವನಿಗೇನು ಗೊತ್ತು?

“ಅಷ್ಟೂ ಲಕೋಟೆ ಇವನ ಹತ್ರಾನೇ ಇದ್ವಂತೆ,” ಎಂದ ಕೆಲ್ವಿನ್ ನಿಧಾನವಾಗಿ. “ಪುಸ್ತಕ ಬರೆದವನೂ ಇವನೇ. ಪದಕ ಬಂದದ್ದೂ ಇವನಿಗೇ. ಚೆನ್ನಾಗಿದೆ.”

“ಅಂಟು ಹಾಗೇ ಇತ್ತಲ್ಲಯ್ಯಾ, ನೀನೇ ನೋಡಿದೆ,” ಎಂದ ನೋರಿಸ್. “ಮತ್ತೆ, ಅದು ನಾನಲ್ಲ—”

“ಅಲ್ವೇ ಅಲ್ಲ,” ಎಂದು ಬ್ಲೂ ಎದ್ದ. “ಆ ಎರಡು ಮೂರುಗಳು ನನ್ನವು. ಈಸ್ಟರ್ ಆದ್ಮೇಲೆ ಆಡಿದವನು ನಾ—”

ಡೆಸ್ ಅವನ ಕಾಲು ತುಳಿದ. ಬ್ಲೂ ಕೂತ.

“ಏನಂದೆ ಬ್ಲೂ?” ಎಂದ ಕೆಲ್ವಿನ್. “ಬೇರೆಯವನ ಹೆಸರಲ್ಲಿ ಆಡಿದ್ಯಾ? ಹಾಗಿದ್ರೆ ಆ ವರ್ಷ ನಿಮ್ಮ ಗೆಲುವೆಲ್ಲ ರದ್ದು. ಬಾವುಟ ಇಳಿಸಿ, ಮಡಿಸಿ ಕೊಡಿ. ನಮ್ಮ ಹಾಲ್‌ನಲ್ಲಿ ಜಾಗ ಇದೆ.”

ಬ್ಲೂ ತನ್ನ ಕಾಲನ್ನು ನೋಡಿದ, ಬಾವುಟವನ್ನು ನೋಡಿದ. “ಆಡಿದವನು ನೋರಿಸ್ ಅಂತ ಹೇಳೋಕೆ ಬಂದೆ,” ಎಂದ.

“ಪ್ರತಿ ಶನಿವಾರ,” ಎಂದ ಡೆಸ್. “ನಾಯಕ ನಾನೇ ಅಲ್ವಾ, ನನಗೆ ಗೊತ್ತಿಲ್ವಾ?”

“ಒಂದು ವಾರ ಗಡ್ಡ ಇರ್ತಿತ್ತು, ಮುಂದಿನ ವಾರ ಇರ್ತಿರಲಿಲ್ಲ,” ಎಂದ ಕೆಲ್ವಿನ್. “ಒಂದ್ಸಲ ಅರ್ಧ ಅಡಿ ಬೆಳೆದೂ ಇದ್ದ.”

“ಆಗ ವಯಸ್ಸೂ ಹಂಗಿತ್ತು,” ಎಂದ ಡೆಸ್.

ಇಡೀ ಊರು ತಲೆಯಾಡಿಸಿತು. ನೋರಿಸ್ ಲೊರೇನ್‌ಳತ್ತ ನೋಡಿದ. ಅವಳು ಸ್ಯಾಂಡ್‌ವಿಚ್ಚಿನ ತುಕ್ಕು ಊದುತ್ತಿದ್ದಳು.

ಡೆಸ್ ಪದಕ ತಂದು ಅವನ ಕೊರಳಿಗೆ ಹಾಕಿ ಕಿವಿಯಲ್ಲಿ ಉಸುರಿದ: “ಬಾಯಿ ಮುಚ್ಕೊಂಡಿರು. ಊರಿನ ಮಾನ.”

ಪದಕ ತಣ್ಣಗಿತ್ತು, ಒಂದು ನಿಮಿಷದಲ್ಲಿ ಬೆಚ್ಚಗಾಯಿತು. ಜನ ಚಪ್ಪಾಳೆ ತಟ್ಟಿದರು. ಟ್ಯಾರಿನ್‌ನ ಮುದುಕಿಯೊಬ್ಬಳು ಬಂದು, “ನೀನು ಎಡಗಾಲಲ್ಲಿ ಹೊಡೆದ ಆ ಗೋಲು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ ಕಣಪ್ಪಾ,” ಎಂದಳು.

“ಗಾಳಿ ಸ್ವಲ್ಪ ಜೋರಿತ್ತು ಅವತ್ತು,” ಎಂದುಬಿಟ್ಟ ನೋರಿಸ್. ಹಾಗೆಂದ ಮೇಲೆ ಅವನಿಗೆ ಆ ಗಾಳಿ ನಿಜಕ್ಕೂ ನೆನಪಾಗತೊಡಗಿತು.

ಆಗಲೇ ಕೆಲ್ವಿನ್ ಡಬ್ಬಿಯೊಳಗೆ ಇಣುಕಿದ್ದು. “ತಳದಲ್ಲಿ ಒಂದು ಹಾಳೆ ಉಳಿದಿದೆ ಪಾಸ್ಟರ್. ಓದಿ.”

“ಹಳೇ ಕಾಗದ. ಇಲಿ ತಿಂದಿದೆ,” ಎಂದರು ಪಾಸ್ಟರ್.

“ಇಲಿ ತಿಂದಷ್ಟು ಬಿಟ್ಟು ಮಿಕ್ಕಿದ್ದು ಓದಿ.”

ಪಾಸ್ಟರ್ ಓದಿದರು. ಅವರ ದನಿ ಶವಸಂಸ್ಕಾರದಲ್ಲೂ ಅಷ್ಟು ಇಳಿದದ್ದನ್ನು ಯಾರೂ ಕೇಳಿರಲಿಲ್ಲ. ಫೈನಲಿನ ಮುಂದಿನ ಮಂಗಳವಾರ ಲೀಗಿನ ನ್ಯಾಯಮಂಡಳಿ ಸೇರಿತ್ತು. ಫೈನಲಿನ ಕೊನೆಯ ನಿಮಿಷದಲ್ಲಿ ಕೆ. ಮ್ಯಾಡರ್ನ್‌ಗೆ ಹಿಂದಿನಿಂದ ಬಂದು ಗುದ್ದಿ ಎರಡು ಹಲ್ಲು ಉದುರಿಸಿದ್ದಕ್ಕಾಗಿ ಕುಲಬಿನ್‌ನ ಎನ್. ಟ್ರೆಲೋರ್‌ಗೆ ಎಂಟು ಪಂದ್ಯಗಳ ನಿಷೇಧ. ಗುರುವಾರ ಲೀಗೇ ಮುಚ್ಚಿತ್ತು, ಪತ್ರ ಅಂಚೆಗೆ ಹೋಗಲೇ ಇಲ್ಲ.

ಕೆಲ್ವಿನ್ ಕಟ್ಟಿಸಿದ ಎರಡು ಹಲ್ಲುಗಳನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟು ನೋರಿಸ್‌ಗೆ ತೋರಿಸಿದ. “ನೀನಾ,” ಎಂದ.

ಆ ಫೈನಲಿನ ಬೆಳಿಗ್ಗೆ ಮೂವತ್ತೊಂದನೇ ಜರ್ಸಿಯನ್ನು ಕೈಯಾರೆ ಯಾರಿಗೆ ತೊಡಿಸಿದ್ದೆ ಎಂಬುದು ನೋರಿಸ್‌ಗೆ ಚೆನ್ನಾಗಿ ನೆನಪಿತ್ತು. ರಜೆಯಲ್ಲಿ ಬಂದಿದ್ದ ಎತ್ತರದ ಹುಡುಗ, ಮೃದು ಮಾತು. ಪಾಸ್ಟರರ ಬಲಗೈಯನ್ನು ನೋಡಿದ. ಮುಷ್ಟಿಯ ಒಂದು ಗೆಣ್ಣು ಆವತ್ತಿನಿಂದ ಒಳಗೇ ಕೂತಿತ್ತು.

“ಪಾಸ್ಟರ್,” ಎಂದ ನೋರಿಸ್.

ಪಾಸ್ಟರ್ ಸೂರು ನೋಡಿದರು, ಬಾವುಟ ನೋಡಿದರು, ಆಮೇಲೆ ಕೆಲ್ವಿನ್‌ನ ಹೆಗಲ ಮೇಲೆ ಕೈಯಿಟ್ಟರು. “ಕ್ಷಮಿಸಿಬಿಡು ಕೆಲ್ವಿನ್. ನೋರಿಸ್ ಆಗ ಚಿಕ್ಕವನು. ಅವನಿಗೋಸ್ಕರ ನಾನೂ ಪ್ರಾರ್ಥಿಸ್ತೀನಿ.”

“ಕ್ಷಮೆ ಆಮೇಲೆ. ನಿಯಮ ಏನು ಹೇಳುತ್ತೆ?”

ಡೆಸ್ ಅಚ್ಚಿಗೆ ಸಿದ್ಧವಾಗಿದ್ದ ನೋರಿಸ್‌ನ ಪುಸ್ತಕವನ್ನೇ ತೆರೆದ. ಇಲಿ ತಿಂದ ನಿಯಮಾವಳಿಯನ್ನು ನೋರಿಸ್ ಒಂದು ಚಳಿಗಾಲ ಪೂರ್ತಿ ಕೂತು ಅಕ್ಷರ ಬಿಡದೆ ನಲವತ್ತನೇ ಪುಟದಲ್ಲಿ ನಕಲು ಮಾಡಿದ್ದ. ನಿಷೇಧಕ್ಕೊಳಗಾದವನಿಗೆ ಪದಕವಿಲ್ಲ. ಅವನು ಲೀಗಿನ ಯಾವ ಕೆಲಸದಲ್ಲೂ ಇರುವಂತಿಲ್ಲ. ಆಟದ ದಿನ ಮೈದಾನದ ಬೇಲಿಯೊಳಗೆ ಕಾಲಿಡುವಂತಿಲ್ಲ.

“ಇತಿಹಾಸ ಬರೆಯೋದು ಲೀಗಿನ ಕೆಲಸ ತಾನೇ?” ಎಂದ ಕೆಲ್ವಿನ್. “ಇಲ್ಲಾಂದ್ರೆ, ಆಡಿದ್ದು ನಿಜವಾಗಿ ಯಾರು ಅಂತ ಮತ್ತೆ ಶುರು ಮಾಡೋಣ.”

“ಬೇಡ,” ಎಂದರು ಡೆಸ್, ಬ್ಲೂ ಮತ್ತು ಪಾಸ್ಟರ್ ಒಟ್ಟಿಗೆ.

“ಡೆಸ್,” ಎಂದ ನೋರಿಸ್, “ಎಂಟು ಪಂದ್ಯ ಮುಗಿಯೋದು ಯಾವಾಗ? ಲೀಗೇ ಇಲ್ವಲ್ಲಯ್ಯಾ.”

“ಅದೇ ನನಗೂ ಯೋಚನೆ.”

“ಇವತ್ತು ಮೂರು ಗಂಟೆಗೆ ಮುದುಕರ ಪಂದ್ಯ ಇದೆಯಲ್ಲ. ಅದನ್ನ ಒಂದು ಅಂತ ಹಿಡಿ.”

“ಅದು ಸ್ನೇಹಕ್ಕೆ ಆಡೋದು ನೋರಿ. ಲೆಕ್ಕಕ್ಕಿಲ್ಲ. ಆಟದ ದಿನ ಅನ್ನೋದು ಮಾತ್ರ ಲೆಕ್ಕಕ್ಕಿದೆ.”

ಪದಕ ಕೆಲ್ವಿನ್‌ನ ಕೊರಳಿಗೆ ಹೋಯಿತು. ಡೆಸ್ ಪೆನ್ನು ತೆಗೆದು ಹೊದಿಕೆಯ ಮೇಲಿನ ಹೆಸರು ಹೊಡೆದುಹಾಕಿ ತನ್ನದನ್ನು ಬರೆದ. ಕೊನೆಯ ಪುಟದ ಖಾಲಿ ಸಾಲಿನಲ್ಲಿ ಕೆಲ್ವಿನ್ ಮ್ಯಾಡರ್ನ್ ಎಂದು ತುಂಬಿದ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದ: ಎನ್. ಟ್ರೆಲೋರ್, ಹಲ್ಲೆ, ಎಂಟು ಪಂದ್ಯ. ಅಂತೂ ನೋರಿಸ್‌ನ ಹೆಸರು ಪುಸ್ತಕದಲ್ಲಿ ಉಳಿಯಿತು.

ಮೂರು ಗಂಟೆಗೆ ಆಟ ಶುರುವಾಯಿತು. ಗೋಧಿಯ ಹೊಲಗಳ ಮೇಲಿಂದ ಆಗಸ್ಟ್ ತಿಂಗಳ ಚಳಿಗಾಲದ ಗಾಳಿ ಕತ್ತಿಯಂತೆ ಬರುತ್ತಿತ್ತು. ನೋರಿಸ್ ಬೇಲಿಯ ಆಚೆ ನಿಂತಿದ್ದ. ಸ್ಕೋರಿನ ಗೂಡಿನಲ್ಲಿ ಬ್ಲೂ ಆರನ್ನು ತಲೆಕೆಳಗಾಗಿ ತೂಗುಹಾಕಿ ಒಂಬತ್ತು ಮಾಡಿದ್ದ. ಲೊರೇನ್ ಚಹಾ ಕೊಡುತ್ತ ಓಡಾಡುತ್ತಿದ್ದಳು, ಬೇಲಿಯತ್ತ ಬರಲಿಲ್ಲ. ಪಾಸ್ಟರ್ ಸೀಟಿ ಹಿಡಿದು ಅಂಪೈರಾಗಿ ನಿಂತಿದ್ದರು. ಕೆಲ್ವಿನ್ ಪದಕ ಹಾಕಿಕೊಂಡೇ ಓಡುತ್ತಿದ್ದ.

ನೋರಿಸ್ ಎರಡೂ ಕೈ ಬಗಲಿಗೆ ಸಿಕ್ಕಿಸಿಕೊಂಡ. ಬೇಲಿಗೆ ಒರಗಿ ನಿಂತವರ ಬೆನ್ನುಗಳು ನಾಲ್ಕು ಅಡಿ ದೂರದಲ್ಲಿದ್ದವು. ಅವರಲ್ಲಿ ಒಬ್ಬ ಡೆಸ್.

“ನನ್ನ ಕೋಟು ಹಾಲ್‌ನ ಒಳಗಿದೆ,” ಎಂದ ನೋರಿಸ್. “ಯಾರಾದ್ರೂ ತಂದ್ಕೊಡ್ತೀರಾ?”

ಚೆಂಡು ಆಚೆ ತುದಿಗೆ ಹಾರಿತು. ಬೆನ್ನುಗಳೆಲ್ಲ ಆ ಕಡೆಗೆ ವಾಲಿದವು.