ಅತ್ತೆಗೇ ಅತ್ತೆಯಾದ ನಮ್ಮಜ್ಜಿ

ಆಧಾರ ಕೇಳುವುದೂ ಒಂದು ಚಟವೇ. ಕಾಲೇಜಿನ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳನ್ನು "ಇದಕ್ಕೆ ಆಧಾರವೇನು?" ಎಂದು ಕೇಳಿ ಕೇಳಿ, ಈಗ ಮದುವೆಮನೆಯಲ್ಲಿ ಬಡಿಸುವವರು "ಪಾಯಸ ಚೆನ್ನಾಗಿದೆ, ಹಾಕಿಸ್ಕೊಳ್ಳಿ" ಎಂದರೂ ಅದೇ ಪ್ರಶ್ನೆ ನಾಲಿಗೆಯ ತುದಿಗೆ ಬರುತ್ತದೆ. ಹೀಗಿರುವಾಗ ನಮ್ಮ ದೊಡ್ಡಪ್ಪ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ "ನಮ್ಮದು ಪಾಳೇಗಾರರ ದಂಡಿನಲ್ಲಿದ್ದ ವಂಶ" ಎಂದು ಘೋಷಿಸಿದರೆ ನಾನು ಸುಮ್ಮನಿರುವುದು ಹೇಗೆ? ಕೇಳಿಯೇಬಿಟ್ಟೆ. ದೊಡ್ಡಪ್ಪ ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಪ್ರಶ್ನೆ ಕೇಳಿದವರಿಗೇ ಹೋಮ್‌ವರ್ಕ್ ಕೊಡುವುದು ಅವರ ಹಳೆಯ ಪದ್ಧತಿ. "ನೀನೇ ಉಡುಕಮ್ಮಿ. ವಂಶವೃಕ್ಷ ಮಾಡಕ್ಕೆ ಆ್ಯಪ್ ಬಂದದಂತಲ್ಲ. ಮನೆದೇವ್ರ ಪೂಜೆಗೆ ಎಲ್ಲಾರೂ ಸೇರ್ತೀವಿ, ಅಷ್ಟೊತ್ತಿಗೆ ಮುಗ್ಸು. ಫ್ಲೆಕ್ಸ್ ಮಾಡ್ಸಿ ಕಟ್ಟುಸ್ತೀನಿ" ಎಂದರು.

ಹನಗೋಡಿನ ನಮ್ಮ ಮನೆತನಕ್ಕೆ ಹೆಸರಿಡುವ ವಿಷಯದಲ್ಲಿ ಕಲ್ಪನೆ ಕಡಿಮೆ. ಹಿರಿಮಗನಿಗೆ ತಾತನ ಹೆಸರು, ಅಷ್ಟೇ. ಬೋರೇಗೌಡರ ಮಗ ಸಣ್ಣೇಗೌಡ, ಸಣ್ಣೇಗೌಡರ ಮಗ ಮತ್ತೆ ಬೋರೇಗೌಡ. ಈ ಎರಡನೆಯ ಬೋರೇಗೌಡರೇ ತೀರಿಹೋದ ನಮ್ಮಜ್ಜ. ನಮಗೆ ಇದರಲ್ಲಿ ಗೊಂದಲವೇ ಇಲ್ಲ, ಗೊಂದಲವಾದದ್ದು ಆ್ಯಪಿಗೆ. "ಈ ಇಬ್ಬರು ಬೋರೇಗೌಡರೂ ಒಬ್ಬರೇ ಇರಬಹುದು. ಒಂದುಗೂಡಿಸೋಣವೇ?" ಎಂದು ಕೇಳಿತು. ಬೆಳಗಿನಿಂದ ಅದು ಇಂಥ ನೂರೆಂಟು ಪ್ರಶ್ನೆ ಕೇಳಿತ್ತು. ನಾನು ಹುಣಸೂರಿನ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದೆ. ಇನ್ನೊಂದು ಕೈಯ ಹೆಬ್ಬೆರಳು "ಹೌದು" ಒತ್ತಿಬಿಟ್ಟಿತು.

ಪರಿಣಾಮವಾಗಿ ಅಜ್ಜ ತನಗೆ ತಾನೇ ಮೊಮ್ಮಗನಾದ. ನಮ್ಮಜ್ಜಿ ತನ್ನ ಗಂಡನ ತಾತನನ್ನು ಮದುವೆಯಾಗಿ, ಸ್ವಂತ ಮಾವನನ್ನೇ ಹೆತ್ತು, ತನ್ನ ಅತ್ತೆಗೆ ಅತ್ತೆಯಾಗಿ ಕೂತಳು. ನಾನು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಆ್ಯಪ್ ಈ ಶುಭಸಮಾಚಾರವನ್ನು ನೆಂಟರಿಗೆಲ್ಲ ರವಾನಿಸಿ ಆಗಿತ್ತು.

ಮನೆಗೆ ಹೋದಾಗ ಅಜ್ಜಿ ಜಗಲಿಯ ಮೇಲೆ ಕಾಯುತ್ತಿದ್ದಳು. "ಯಾರ್ನ ಕೇಳಿ ನನ್ನ ಆ ಮುದುಕಂಗೆ ಕಟ್ದೆ?"

"ನಾನಲ್ಲ ಅಜ್ಜಿ, ಆ್ಯಪು."

"ಒತ್ತಿದ್ ಬೆಳ್ಳು ಯಾರ್ದು?"

ಮೊಬೈಲಿನಲ್ಲಿ ವಂಶವೃಕ್ಷದ ಚಿತ್ರ ತೋರಿಸಿ ವಿವರಿಸಿದೆ. ಅಜ್ಜಿ ಎಲೆಅಡಿಕೆ ಜಗಿಯುತ್ತ ಯೋಚಿಸಿದಳು. "ಅಂಗಾದ್ರೆ ನಮ್ಮತ್ತೆ ನಂಗೆ ಸೊಸೆಯಾ?"

"ಇದರ ಪ್ರಕಾರ ಹೌದು."

"ಅದೊಂದ್ನ ಅಂಗೇ ಇರ್ಲಿ ಬುಡು."

ಇಬ್ಬರೂ ನಕ್ಕೆವು. ಆದರೆ ಅಜ್ಜಿ ನಗು ನಿಲ್ಲಿಸಿ ಕೇಳಿದಳು: "ಅಲ್ಲ ಕಣವ್ವ, ಆ ಜಾಗ್ದಲ್ ಇದ್ದೋಳು ಎಲ್ಲೋದ್ಲು?" ಆ ಜಾಗದಲ್ಲಿದ್ದವಳು ಅಜ್ಜನ ಅಜ್ಜಿ, ಮೊದಲನೆಯ ಬೋರೇಗೌಡರ ಹೆಂಡತಿ. ಹದಿನಾರರ ಸೊಸೆಯಾಗಿ ಬಂದ ನಮ್ಮಜ್ಜಿಯನ್ನು ಅತ್ತೆ ಕೆಲಸ ಮುಗಿಯುವ ತನಕ ಊಟಕ್ಕೆ ಕರೆಯುತ್ತಿರಲಿಲ್ಲವಂತೆ. ಈ ಮುದುಕಿ ಮಂಕರಿ ಬುಟ್ಟಿಯ ಕೆಳಗೆ ಒಂದು ಮುದ್ದೆ ಬಚ್ಚಿಟ್ಟು, ಹಿತ್ತಿಲಿಗೆ ಕರೆದು ತಿನ್ನಿಸುತ್ತಿದ್ದಳಂತೆ. "ಆ ಯಮ್ಮ ಇಲ್ದಿದ್ರೆ ನಾ ಎಂದೋ ತವ್ರಿಗೆ ಓಡೋಯ್ತಿದ್ದೆ. ಅವ್ಳ್ ಜಾಗ್ದಲ್ಲಿ ನನ್ನ ಕೂರ್ಸಿ ಫ್ಲೆಕ್ಸ್ ಕಟ್ಟುದ್ರೆ ನಾ ಪೂಜೆಗೆ ಬರಾಕಿಲ್ಲ." ಅಜ್ಜಿಯಿಲ್ಲದೆ ನಮ್ಮ ಮನೆದೇವರ ಪೂಜೆ ಈವರೆಗೆ ನಡೆದಿಲ್ಲ.

ಬೋರೇಗೌಡರನ್ನು ಬೇರೆ ಮಾಡಲು ಆ್ಯಪ್ ಒಂದೇ ಷರತ್ತು ಹಾಕಿತು: ಮೊದಲನೆಯವರ ಹೆಂಡತಿಯ ಹೆಸರು ಬರೆಯಬೇಕು, ಖಾನೆ ಖಾಲಿ ಬಿಡುವಂತಿಲ್ಲ. ಅಜ್ಜಿಗೆ ಹೆಸರು ಗೊತ್ತಿಲ್ಲ, "ಎಲ್ರೂ ಬೀಚನಳ್ಳಿಯೋಳು ಅನ್ನೋರು." ಆನ್‌ಲೈನಿನಲ್ಲಿ ಹಳೆಯ ಪಹಣಿ ತೆಗೆದೆ. ಅದರಲ್ಲಿ ಸರ್ವೆ ನಂಬರುಗಳಿದ್ದವು, ಹುಣಸೆಮರಗಳ ಎಣಿಕೆಯಿತ್ತು, ಹೆಂಗಸರಿರಲಿಲ್ಲ. ದೊಡ್ಡಪ್ಪ ಅವರಿವರನ್ನು ಕೇಳಿ, ಬೀಚನಹಳ್ಳಿಯಲ್ಲಿ ಆಕೆಯ ತಮ್ಮನ ಮೊಮ್ಮಗನೊಬ್ಬರ ನಂಬರು ಹುಡುಕಿಕೊಟ್ಟರು. ಫೋನ್ ಮಾಡಿದೆ.

"ಓ, ಗೊತ್ತಿಲ್ದೆ ಏನವ್ವ! ನಮ್ ತಾತನ್ ಅಕ್ಕ ಅಲ್ವಾ?" ಎಂದರು. ನಾನು ಪೆನ್ನು ತೆರೆದೆ.

"ಅವರ ಹೆಸರೇನು ಅಂತ ಹೇಳ್ತೀರಾ?"

"ಎಸ್ರಾ? ನಮ್ ಕಡೆ ಎಲ್ಲಾ ಅನಗೋಡ್ನೋಳು ಅಂತಿದ್ರು ಕಣವ್ವ."

ಇಲ್ಲಿ ಬೀಚನಹಳ್ಳಿಯವಳು, ಅಲ್ಲಿ ಹನಗೋಡಿನವಳು. ಅಷ್ಟು ವರ್ಷ ಬಾಳಿದ ಹೆಂಗಸು ಎರಡೂ ಕಡೆ ಬಸ್ಸಿನ ಬೋರ್ಡಿನಂತೆ ಊರಿನ ಹೆಸರನ್ನೇ ಹೊತ್ತು ತಿರುಗಿದ್ದಳು. ಸ್ವಂತ ಹೆಸರು ದಾರಿಯಲ್ಲೆಲ್ಲೋ ಇಳಿದುಹೋಗಿತ್ತು.

ಪೂಜೆಯ ಹಿಂದಿನ ದಿನ ಸೋಲೊಪ್ಪಿಕೊಂಡು ಅಜ್ಜಿಯ ಮುಂದೆ ಕೂತೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತ, "ನಾನು ಮನಸ್ನಲ್ಲೇ ಅವ್ಳ್ನ ಇಟ್ಟವ್ವ ಅಂತಿದ್ದೆ. ಇಟ್ ಕೊಡೋಳಲ್ವಾ? ಅದ್ನೇ ಬರಿ" ಎಂದಳು. ನಮ್ಮ ಕಡೆ ಹಿಟ್ಟು ಎಂದರೆ ಮುದ್ದೆ.

"ಅಜ್ಜಿ, ಅದು ನೀನಿಟ್ಟ ಹೆಸರು. ಅವರ ಹೆಸರು ಅದೇ ಅನ್ನೋಕೆ ಆಧಾರ ಬೇಕಲ್ಲ?"

"ನನ್ನ ಆ ಮುದುಕಂಗೆ ಕಟ್ವಾಗ ಯಾವ ಆದಾರ ಕೇಳಿದ್ಯೆ?"

ನಾನು "ಹಿಟ್ಟವ್ವ" ಎಂದು ಬರೆದೆ. ಇಬ್ಬರು ಬೋರೇಗೌಡರೂ ಬೇರೆಯಾದರು. ಅಜ್ಜಿ ಇಣುಕಿ ನೋಡಿ, "ಮತ್ತೆ ಸೊಸೆಯಾದ್ನಾ? ಓಗ್ಲಿ ಬುಡು" ಎಂದು ಪೂಜೆಗೆ ಉಡುವ ಸೀರೆ ಹುಡುಕಲು ಎದ್ದಳು.

ಆ್ಯಪ್ ಮಾತ್ರ ನನ್ನನ್ನು ಬಿಡಲಿಲ್ಲ. ಕೊನೆಯ ಖಾನೆಯೊಂದನ್ನು ಮುಂದಿಟ್ಟಿತು: "ಈ ಮಾಹಿತಿಗೆ ಆಧಾರವೇನು?" "ನಮ್ಮಜ್ಜಿ ಹೇಳಿದ್ದು" ಎಂದು ತುಂಬಿದೆ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಯಾರಾದರೂ ಇಂಥ ಆಧಾರವನ್ನು ನೆಚ್ಚಿಕೊಂಡು ವೇದಿಕೆ ಹತ್ತಿದ್ದರೆ, ಎರಡನೇ ನಿಮಿಷಕ್ಕೇ ಕೆಳಗಿಳಿಸುತ್ತಿದ್ದೆ.