ನಿದ್ದೆ ಮಾಡಿಸಲು ಹೋದ ದೊಡ್ಡಮ್ಮ

ಚಾಮರಾಜನಗರದಿಂದ ತಂಗಿ ನಾಗರತ್ನಳ ಫೋನು ಬಂದಾಗ ನಾನು ಮಹಡಿಯ ಮೇಲೆ ದಿಂಬುಗಳನ್ನು ಬಿಸಿಲಿಗೆ ಹಾಕುತ್ತಿದ್ದೆ. ಬೂರುಗದ ಹತ್ತಿಯ ದಿಂಬು. ಆಗಾಗ ಬಿಸಿಲು ಕಾಣಿಸಿ, ಕೋಲಿನಿಂದ ಬಡಿದು, ಮಗ್ಗುಲು ಬದಲಿಸಿ ಒಣಗಿಸದಿದ್ದರೆ ಅದರ ಮೇಲೆ ನನಗೆ ನಿದ್ದೆ ಬರುವುದಿಲ್ಲ. ಗುಂಡ್ಲುಪೇಟೆಯ ಬಿಸಿಲು ಶಿವ ಕೊಟ್ಟ ಪುಕ್ಕಟೆ ಇಸ್ತ್ರಿಪೆಟ್ಟಿಗೆ. ಬಳಸಿಕೊಳ್ಳದಿದ್ದರೆ ಪಾಪ.

ನಾಗರತ್ನಳ ಅತ್ತೆ ಮೈಸೂರಿನ ಮಗಳ ಮನೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರಂತೆ. ಅವಳೂ ಅವಳ ಗಂಡನೂ ಮಾರನೆಯ ದಿನ ಬೆಳಗ್ಗೆಯೇ ಆಸ್ಪತ್ರೆಗೆ ಹೊರಡಬೇಕು. ಮನೆಯಲ್ಲಿ ಬಾಣಂತಿ ಮಗಳು ಪವಿತ್ರ, ಅವಳ ಎಳೆಗೂಸು.

"ಅಕ್ಕ, ಮಗ ಅಗ್ಲೂ ಮನಿಕ್ಕತಿಲ್ಲ, ರಾತ್ರೀಲೂ ಮನಿಕ್ಕತಿಲ್ಲ. ಪವಿ ಕೂತ್ ಕಡೇಲೇ ತೂಕುಡುಸ್ತಾಳೆ. ನೆನ್ನೆ ಮಗೀನ ಎತ್ಕಂಡಂಗೇ ವಾಲ್ಬುಟ್ಳು, ನಾನ್ ಓಡೋಗಿ ಇಡ್ಕಂಡೆ. ಅವ್ಳೊಬ್ಳನ್ನೇ ಬುಟ್ಟು ಎಂಗೋಗ್ಲಿ? ಒಂದ್ ದಿಸ ಬಂದಿರಕ್ಕ" ಅಂದಳು.

ನನ್ನ ಧೈರ್ಯ ಮಾತ್ರ ಕುಂದಲಿಲ್ಲ. ಏಕೆಂದರೆ ನಿದ್ದೆ ಎಂಬ ವಿಷಯದಲ್ಲಿ ಈ ತಾಲ್ಲೂಕಿನಲ್ಲಿ ನನ್ನಷ್ಟು ಶಿಸ್ತು ಇಟ್ಟುಕೊಂಡವರು ಇನ್ನೊಬ್ಬರಿಲ್ಲ!

ನನ್ನ ಕ್ರಮ ಹೀಗೆ. ಗ್ಯಾಸಿನ ತಿರುಪು ನೋಡಿ ಬರಬೇಕು. ನೋಡಿ ಬಂದದ್ದು ನಿಜವೇ ಎಂದು ಮತ್ತೊಮ್ಮೆ ಹೋಗಿ ನೋಡಬೇಕು. ಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟು, ತಲೆದೆಸೆಗೆ ತಾಮ್ರದ ಚೊಂಬಿನಲ್ಲಿ ನೀರು ಇಡಬೇಕು. ತಲೆ ಉತ್ತರಕ್ಕೆ ಇರಕೂಡದು. ಎಡಮಗ್ಗುಲಿಗೇ ಮಲಗಬೇಕು. ಹೊದೆಯುವುದಕ್ಕೆ ನಮ್ಮವ್ವನ ಹಳೆಯ ನೂಲಿನ ಸೀರೆಯೇ ಆಗಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ನಿಶ್ಶಬ್ದ. ಇದೊಂದು ಮಾತ್ರ ನನ್ನ ಹಣೆಯಲ್ಲಿ ಬರೆದಿಲ್ಲ. ನಮ್ಮ ಕೋಣೆಯ ಫ್ಯಾನು ಮದುವೆಯಾದ ಹೊಸತರಲ್ಲಿ ತಂದದ್ದು, ಕಟಕಟ ಕಟಕಟ ಎನ್ನುತ್ತದೆ. ರಿಪೇರಿ ಮಾಡಿಸಿ ಎಂದು ಯಜಮಾನರಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಈ ಕಟಕಟ ಇಲ್ಲದಿದ್ದರೆ ಇನ್ನೆಂಥ ನಿದ್ದೆ ಬರುತ್ತಿತ್ತೋ ಎಂದು ಕೊರಗುತ್ತಾ ಕೊರಗುತ್ತಾ ಹಾಗೆಯೇ ನಿದ್ದೆ ಹೋಗುತ್ತೇನೆ.

ನಮ್ಮ ಯಜಮಾನರದು ಬೇಗೂರಿನಲ್ಲಿ ಗೊಬ್ಬರದ ಅಂಗಡಿ. ಅವರು ಗೋಡೆಗೆ ಒರಗಿದರೆ ಸಾಕು, ಗೊರಕೆ. ನನ್ನ ಕ್ರಮವೆಲ್ಲ ನೋಡಿ ಅವರು ಹೇಳುವುದು ಇಷ್ಟೇ: "ನಿನ್ ತಾವ್ಕೆ ನಿದ್ದೆ ಬರ್ಬೇಕಾದ್ರೆ ಅರ್ಜಿ ಆಕಂಡು ಬರ್ಬೇಕು ಕಣೆ."

ಮಾರನೆಯ ಬೆಳಗ್ಗೆ ಬಿಸಿಲುಂಡ ದಿಂಬು, ಅವ್ವನ ಸೀರೆ, ತಾಮ್ರದ ಚೊಂಬು, ವಿಭೂತಿಗಟ್ಟಿ ಎಲ್ಲವನ್ನೂ ಕಟ್ಟಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ನನ್ನ ಮಡಿಲಲ್ಲಿದ್ದ ದಿಂಬನ್ನು ನೋಡಿ, ಹೆಂಗಸರಿಗೆ ಫ್ರೀ, ದಿಂಬಿಗೂ ಆಧಾರ್ ಕಾರ್ಡ್ ಇದೆಯಾ ಎಂದು ಕೇಳಿದ. ಬಸ್ಸೆಲ್ಲ ನಕ್ಕಿತು. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತಲ್ಲ, ಅದೂ ಶಿವನ ಕೃಪೆ ಎಂದುಕೊಂಡು ನಾನೂ ನಕ್ಕೆ.

ನಾನು ಹೋದಾಗ ತಂಗಿ, ಅವಳ ಗಂಡ ಬಾಗಿಲಲ್ಲೇ ಚಪ್ಪಲಿ ಮೆಟ್ಟಿಕೊಂಡು ಕಾದಿದ್ದರು. ಒಳಗೆ ಪವಿತ್ರ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ಕಣ್ಣಿನ ಸುತ್ತ ಕಪ್ಪು. ನನ್ನನ್ನು ನೋಡಿ ನಗಲು ಹೋಗಿ ಆಕಳಿಸಿದಳು. ಮಗು ಮಾತ್ರ ಪೂರ್ತಿ ಉತ್ಸಾಹದಲ್ಲಿ ಅಳುತ್ತಿತ್ತು.

"ನೀನ್ ಮನಿಕ್ಕೊ ಮಗ. ಇನ್ನ್ ನಾನುಂಟು, ಇವನುಂಟು" ಎಂದು ಮಗುವನ್ನು ಇಸಿದುಕೊಂಡೆ.

ಮೊದಲು ದೃಷ್ಟಿ ತೆಗೆದೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಕ್ಕೆ ಘಾಟು ಎದ್ದು ಮೂವರೂ ಸೀನಿದೆವು. ಮಗು ಸೀನಿ ಮುಗಿಸಿ ಮತ್ತೆ ಅಳು ಮುಂದುವರಿಸಿತು. ತೊಟ್ಟಿಲಿನ ತಲೆದೆಸೆ ಉತ್ತರಕ್ಕಿದೆ ಎಂದು ತೊಟ್ಟಿಲನ್ನೇ ತಿರುಗಿಸಿದೆ. ಅದರ ಹಗ್ಗ ತಿರುಚಿಕೊಂಡು, ನಾನು ಕೈಬಿಟ್ಟ ಕೂಡಲೇ ತಾನಾಗಿಯೇ ಮತ್ತೆ ಉತ್ತರಕ್ಕೆ ತಿರುಗಿತು! ಅವ್ವನ ಸೀರೆ ಹೊದಿಸಿದೆ. ಮಗು ಅದನ್ನು ಒದ್ದೆ ಮಾಡಿ ತನ್ನ ಅಭಿಪ್ರಾಯ ತಿಳಿಸಿತು. ಎಡಮಗ್ಗುಲಿಗೆ ಮಲಗಿಸಿದೆ, ಕಿಟಕಿ ಮುಚ್ಚಿದೆ, ಫ್ಯಾನು ನಿಲ್ಲಿಸಿದೆ. ಅಳು ಇನ್ನೂ ಸ್ಪಷ್ಟವಾಗಿ ಕೇಳಿಸತೊಡಗಿತು.

ಪವಿತ್ರ ಮಲಗಿದಲ್ಲಿಂದ ಎದ್ದು ಬಂದಳು. "ಬುಡು ದೊಡ್ಡಮ್ಮ, ನಾನೇ ಎತ್ಕತೀನಿ" ಎಂದು ಕೈ ಚಾಚಿದಳು. ನಿಂತಲ್ಲೇ ಅವಳ ಕಣ್ಣು ಮುಚ್ಚಿಹೋಗುತ್ತಿದ್ದವು. ಈ ಹುಡುಗಿ ಈಗ ಮಲಗದಿದ್ದರೆ ಮಗುವಿನ ಸಮೇತ ನೆಲಕ್ಕೆ ಬೀಳುತ್ತಾಳೆ ಅನ್ನಿಸಿತು.

ಇನ್ನು ನನ್ನ ಕೈಲಿ ಆಗುವುದಿಲ್ಲ, ನೀನುಂಟು ಶಿವನೇ ಎಂದು ಮಗುವಿನ ಹಣೆಗೆ ವಿಭೂತಿ ಇಟ್ಟು, ಕಣ್ಣು ಮುಚ್ಚಿ "ಓಂ ನಮಃ ಶಿವಾಯ" ಎಂದು ಶುರು ಮಾಡಿದೆ. ಅದೇ ಹೊತ್ತಿಗೆ ಪಕ್ಕದ ಮಲ್ಲಣ್ಣನ ಷೆಡ್ಡಿನಲ್ಲಿ ಅರಿಶಿನ ಪಾಲಿಶ್ ಮಾಡುವ ಡ್ರಮ್ಮು ತಿರುಗತೊಡಗಿತು. ಬೇಯಿಸಿ ಒಣಗಿಸಿದ ಅರಿಶಿನದ ಕೊಂಬುಗಳು ಆ ಕಬ್ಬಿಣದ ಡ್ರಮ್ಮಿನೊಳಗೆ ಒಂದಕ್ಕೊಂದು ಉಜ್ಜಿ ಸಿಪ್ಪೆ ಬಿಡುತ್ತವೆ. ಆ ಗಡಗಡ ಸದ್ದಿಗೆ ಅಟ್ಟದ ಮೇಲಿನ ಪಾತ್ರೆಗಳು ಅದುರುತ್ತವೆ. ಸಂಕಟದ ಮೇಲೆ ಸಂಕಟ ಎಂದುಕೊಂಡು ಇನ್ನೂ ಗಟ್ಟಿಯಾಗಿ ಜಪಿಸಿದೆ.

ಅಳು ನಿಂತಿತು.

ಕಣ್ಣು ಬಿಟ್ಟು ನೋಡುತ್ತೇನೆ, ಮಗು ಬಾಯಿ ಅರ್ಧ ತೆರೆದುಕೊಂಡು ನಿದ್ದೆ ಹೋಗಿದೆ! ಪವಿತ್ರ ಕೂತಲ್ಲೇ ಮಗ್ಗುಲಾಗಿದ್ದಾಳೆ. ಐದಕ್ಷರಕ್ಕೆ ಇಷ್ಟು ಶಕ್ತಿಯೇ? ಅದೂ ನನ್ನಂಥವಳ ಬಾಯಲ್ಲಿ? ಆಸ್ಪತ್ರೆಯಲ್ಲಿದ್ದ ತಂಗಿಗೆ ಫೋನು ಮಾಡಿ ಪಿಸುದನಿಯಲ್ಲಿ ವರದಿ ಒಪ್ಪಿಸಿದೆ. "ನಿನ್ ಬಾಯಲ್ಲೇನೋ ಅದೆ ಕಣಕ್ಕ" ಎಂದು ಅವಳು ಅತ್ತೇಬಿಟ್ಟಳು.

ಇಲ್ಲಿಗೆ ಸುಮ್ಮನಿದ್ದಿದ್ದರೆ ನನ್ನ ಕೀರ್ತಿ ಚಾಮರಾಜನಗರದಲ್ಲಿ ಇಂದಿಗೂ ಉಳಿದಿರುತ್ತಿತ್ತು.

ಆದರೆ ಶಿಸ್ತು ಬಿಡಬೇಕಲ್ಲ! ಶಿವ ಕೊಟ್ಟ ನಿದ್ದೆಯನ್ನು ಈ ಗಡಗಡ ಎಬ್ಬಿಸಿಬಿಟ್ಟರೆ? ಸೆರಗು ಸಿಕ್ಕಿಸಿಕೊಂಡು ಮಲ್ಲಣ್ಣನ ಷೆಡ್ಡಿಗೆ ಹೋದೆ. ಅವನು ಆಳುಗಳ ಕೈಲಿ ಮೂಟೆ ಎತ್ತಿಸುತ್ತಿದ್ದ. ಬಾಣಂತಿಯ ಸ್ಥಿತಿ, ಕೂಸಿನ ನಿದ್ದೆ, ಕೂಸಿನಲ್ಲಿ ದೇವರಿರುವುದು, ದೇವರ ನಿದ್ದೆ ಕೆಡಿಸಿದವರಿಗೆ ಆಗುವುದು, ಎಲ್ಲವನ್ನೂ ವಿವರಿಸಿದೆ. ಮೋಟಾರು ಸುಟ್ಟು ಹೋಗಿ ಮಿಷನ್ ನಿಂತಿತ್ತು, ಇವತ್ತಷ್ಟೇ ಸರಿಯಾಗಿದೆ, ಬೆಳಗಾದರೆ ಈರೋಡಿನ ಮಾರುಕಟ್ಟೆಗೆ ಲೋಡು ಹೋಗಬೇಕು ಎಂದು ಅವನು ತಲೆ ಕೆರೆದುಕೊಂಡ. ನಾನು ಜಗ್ಗಲಿಲ್ಲ.

"ಆಯ್ತು ಬುಡಿ ಅಕ್ಕಾರೆ. ಕೂಸಿನ್ ಇಸ್ಯ ಅಂತೀರಿ" ಎಂದು ಸ್ವಿಚ್ಚು ಆರಿಸಿದ. ಆಳುಗಳನ್ನು ಊಟಕ್ಕೆ ಕಳಿಸಿದ.

ಆಹಾ, ಆ ನಿಶ್ಶಬ್ದ! ಬೀದಿಯ ಕಾಗೆಗಳೂ ಒಂದು ಗಳಿಗೆ ಬಾಯಿ ಮುಚ್ಚಿಕೊಂಡವು. ನಾನು ಜಯಶಾಲಿಯಾಗಿ ಹೊಸ್ತಿಲಿಗೆ ಬಲಗಾಲಿಟ್ಟೆ.

ಒಳಗಿನಿಂದ ಚೀತ್ಕಾರ ಕೇಳಿಸಿತು.

ಹಿಂದಿನ ಅಳು ಇದರ ಮುಂದೆ ಸಂಗೀತ. ಪವಿತ್ರ ಬೆಚ್ಚಿ ಎದ್ದು ಮಗುವನ್ನು ಎತ್ತಿಕೊಂಡು, ಎಲ್ಲಿದ್ದೇನೆಂದೇ ತಿಳಿಯದೆ ನಿಂತಿದ್ದಳು. ನಾನು ಪಂಚಾಕ್ಷರಿ ಶುರು ಮಾಡಿದೆ. ಮಗು ಕಿರುಚಿತು. ಇನ್ನೂ ಗಟ್ಟಿಯಾಗಿ ಜಪಿಸಿದೆ. ಅದೂ ಇನ್ನೂ ಗಟ್ಟಿಯಾಗಿ ಕಿರುಚಿತು.

"ದೊಡ್ಡಮ್ಮ, ಮಿಷನ್ ಯಾಕ್ ನಿಂತೋಯ್ತು?" ಎಂದಳು ಪವಿತ್ರ.

"ನಾನೇ ನಿಲ್ಲಿಸ್ದೆ ಕಣಮ್ಮಿ, ಕೂಸು ಮಲ್ಗಲಿ ಅಂತ."

ಅವಳು ನನ್ನನ್ನು ನೋಡಿದಳು. ಮಗುವನ್ನು ನೋಡಿದಳು. ಆ ನಿದ್ದೆಗಣ್ಣಿನಲ್ಲೂ ಏನೋ ಲೆಕ್ಕ ಹಾಕಿದಳು. ಬಸುರಿಯಾಗಿ ಏಳನೇ ತಿಂಗಳಿಗೆ ಇಲ್ಲಿಗೆ ಬಂದವಳು ಅವಳು. ಆಗಿನಿಂದ ದಿನವೂ ಷೆಡ್ಡಿಗೆ ಅಂಟಿದ ಇದೇ ಗೋಡೆಗೆ ಬೆನ್ನು ಕೊಟ್ಟು ಮಲಗಿದವಳು.

"ಈ ಮಿಷನ್ ಕೆಟ್ಟೋದ್ ದಿಸದಿಂದ್ಲೇ ಇವನ್ ಅಳು ಶುರುವಾಗಿದ್ದು ದೊಡ್ಡಮ್ಮ" ಎಂದಳು.

ಹೊಟ್ಟೆಯೊಳಗೆ, ಆ ಕತ್ತಲಲ್ಲಿ, ಯಾರೂ ಕಾಣದ ಕಡೆ ಅಂಗೈಯಗಲದ ಜೀವವೊಂದು ಅರಿಶಿನ ಉರುಳುವ ಸದ್ದು ಕೇಳುತ್ತಾ ಕಣ್ಣು ಮುಚ್ಚುವುದನ್ನು ಕಲಿತಿತ್ತು. ಈ ಲೋಕಕ್ಕೆ ಬಂದ ಮೇಲೆ ಅದಕ್ಕೆ ಪರಿಚಯವಿದ್ದ ದನಿಗಳು ಎರಡೇ: ಒಂದು ಅವ್ವನದು, ಇನ್ನೊಂದು ಮಲ್ಲಣ್ಣನ ಡ್ರಮ್ಮಿನದು. ಶಿವನೇ, ನೀನು ಯಾರಿಗೆ ಯಾವ ಜೋಗುಳ ಇಟ್ಟಿದ್ದೀಯೋ ಬಲ್ಲವರಾರು? ಅದನ್ನು ಸ್ವಿಚ್ಚು ಆರಿಸಿ ನಿಲ್ಲಿಸಿ ಬಂದವಳು ನಾನು!

ಮತ್ತೆ ಷೆಡ್ಡಿಗೆ ಓಡಿದೆ. ಮಲ್ಲಣ್ಣ ಬುತ್ತಿ ಬಿಚ್ಚಿ ಮುದ್ದೆ ಮುರಿಯುತ್ತಿದ್ದ.

"ಮಿಷನ್ ಹಾಕಪ್ಪ."

"ಈಗಿನ್ನೂ ನಿಲ್ಲಿಸು ಅಂದ್ರಲ್ಲ?"

"ಆಗ ಕೂಸು ಮಲಗಿತ್ತು. ಈಗ ಎದ್ದದೆ."

ಅವನು ಮುದ್ದೆಯ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದ. "ಅಕ್ಕಾರೆ, ಕೂಸ್ಗಿಂತ ಮುಂಚೆ ನೀವೊಂದೀಟು ನಿದ್ದೆ ಮಾಡಿ" ಎಂದ.

ಕೊನೆಗೆ ಎದ್ದು ಕೈ ತೊಳೆದ. ಆದರೆ ಆಳುಗಳು ಊಟಕ್ಕೆ ಹೋಗಿದ್ದಾರೆ, ಮೂಟೆಯ ಬಾಯಿ ಹಿಡಿಯುವವರಿಲ್ಲ, ಖಾಲಿ ಡ್ರಮ್ಮು ತಿರುಗಿಸಿದರೆ ಹೊಸ ಮೋಟಾರು ಹಾಳಾಗುತ್ತದೆ ಎಂದ. ಕಳಿಸಿದವಳು ಯಾರು? ನಾನು. ಆದ್ದರಿಂದ ಹಿಡಿಯಬೇಕಾದವಳೂ ನಾನೇ ಆದೆ. ಅವನು ಮೂಟೆ ಎತ್ತಿ ಡ್ರಮ್ಮಿಗೆ ಸುರಿದ. ನಾನು ಕಣ್ಣು ಮುಚ್ಚಿಕೊಂಡು ಅದರ ಬಾಯಿ ಹಿಡಿದೆ. ಮೂಗು, ಕಿವಿ, ತುರುಬು, ಮೂರು ಬೆರಳ ವಿಭೂತಿ, ಎಲ್ಲದರ ಮೇಲೂ ಹಳದಿ ಧೂಳು ಕೂತಿತು. ಡ್ರಮ್ಮು ಗಡಗಡ ಎಂದಿತು. ಗೋಡೆಯಾಚೆ ಅಳು ಸಣ್ಣಗಾಗಿ, ಬಿಕ್ಕಾಗಿ, ನಿಂತಿತು. ಮಲ್ಲಣ್ಣ ಬಾಯಿ ತೆರೆದುಕೊಂಡು ತನ್ನ ಡ್ರಮ್ಮಿಗೇ ಕೈ ಮುಗಿದ.

ಮನೆಗೆ ಬಂದೆ. ಮಗು ಮಲಗಿತ್ತು. ಪಕ್ಕದಲ್ಲಿ ಪವಿತ್ರ, ಕೂದಲು ಕೆದರಿಕೊಂಡು, ಅವಳೇ ಕೂಸಿನಂತೆ ಮಲಗಿದ್ದಳು. ಹೊದಿಸಿ, ಒಂದು ಗಳಿಗೆ ಕಾವಲಿರೋಣವೆಂದು ಬಾಗಿಲ ಬಳಿ ಗೋಡೆಗೆ ಒರಗಿ ಕೂತೆ.

ಎಚ್ಚರವಾದಾಗ ದೀಪ ಹೊತ್ತಿಸುವ ಹೊತ್ತು. ಮೈಸೂರಿನಿಂದ ಬಂದ ತಂಗಿ ಬಗ್ಗಿ ನನ್ನ ಮುಖ ನೋಡುತ್ತಿದ್ದಳು. ಬಾಗಿಲು ಹಾರುಬಾಗಿಲು. ದಿಂಬಿಲ್ಲ, ಚೊಂಬಿಲ್ಲ, ಕಾಲು ತೊಳೆದಿಲ್ಲ, ತಲೆ ನೇರ ಉತ್ತರಕ್ಕೆ ವಾಲಿತ್ತು. ಬಲಮಗ್ಗುಲು!

"ಯಾರ್ ಮದ್ವೇಗಕ್ಕ ಅರಿಶಿನ ಆಕಿಸ್ಕಂಡೆ?" ಎಂದಳು. ಒಳಗೆ ಪವಿತ್ರ ನಕ್ಕಳು. ಕಣ್ಣಲ್ಲಿ ಬೆಳಕು ಬಂದಿತ್ತು. ಆ ನಗುವಿಗಾಗಿ ನಾನು ಇನ್ನೂ ಎಷ್ಟು ಮೂಟೆಯ ಬಾಯಿ ಬೇಕಾದರೂ ಹಿಡಿಯುತ್ತಿದ್ದೆ.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಗುಂಡ್ಲುಪೇಟೆಗೆ ಬಂದೆ. ಎಷ್ಟು ತಿಕ್ಕಿದರೂ ಕಿವಿಯ ಸಂದಿನ ಹಳದಿ ಹೋಗಿರಲಿಲ್ಲ. ಯಜಮಾನರು ಅಂಗಡಿಗೆ ಹೋಗದೆ ಕಾದಿದ್ದರು, ಮುಖದಲ್ಲಿ ಏನೋ ಗುಟ್ಟು. ಕೋಣೆಗೆ ಕರೆದುಕೊಂಡು ಹೋಗಿ ಸ್ವಿಚ್ಚು ಒತ್ತಿದರು. ಫ್ಯಾನು ತಿರುಗಿತು. ಸದ್ದೇ ಇಲ್ಲ!

"ನೀನಿಲ್ದಾಗ ರಿಪೇರಿ ಮಾಡಿಸ್ಬುಟ್ಟೆ ಕಣೆ. ಇಷ್ಟ್ ವರ್ಸ ಗೋಳಾಡ್ದಲ್ಲ, ಮನಿಕ್ಕೋಗು ಇನ್ನ."

ಕಾಲು ತೊಳೆದೆ. ವಿಭೂತಿ, ಚೊಂಬು, ಎಡಮಗ್ಗುಲು. ಬಿಸಿಲಿನ ವಾಸನೆಯ ದಿಂಬು, ತಂಗಿಯ ಮನೆಯಲ್ಲೇ ಒಗೆದು ಒಣಗಿಸಿದ ಅವ್ವನ ಸೀರೆ. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಎಲ್ಲ ಷರತ್ತುಗಳೂ ಒಟ್ಟಿಗೆ ನೆರವೇರಿದ್ದವು. ಕಣ್ಣು ಮುಚ್ಚಿದೆ. ತೆರೆದೆ. ಬಲಕ್ಕೆ ಹೊರಳಿದೆ. ಫ್ಯಾನು ಕಳ್ಳನ ಹಾಗೆ ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಚಾವಡಿಯಲ್ಲಿ ಯಜಮಾನರು ಗೊರಕೆ ಹೊಡೆಯುತ್ತಿದ್ದರು. ಅದೂ ಇವತ್ತು ಮೆತ್ತಗೆ.

ಇವರಿಗೆ ಹೇಗೆ ಹೇಳಲಿ? ಯಾವ ಬಾಯಲ್ಲಿ ಹೇಳಲಿ?

ಎದ್ದು ಅಡುಗೆಮನೆಗೆ ಹೋದೆ. ನಾಳೆಯ ದೋಸೆಗೆಂದು ಬೆಳಗ್ಗೆಯೇ ಯಜಮಾನರಿಗೆ ಫೋನಿನಲ್ಲಿ ಹೇಳಿ ಹಾಕಿಸಿದ್ದ ಅಕ್ಕಿ, ಉದ್ದು ಹೇಗೂ ನೆನೆದಿತ್ತು, ಇದೊಂದು ಕೃಪೆ. ಗ್ರೈಂಡರಿಗೆ ಉದ್ದು ಹಾಕಿ ಸ್ವಿಚ್ಚು ಒತ್ತಿದೆ. ಗರಗರ ಎಂದಿತು. ಆ ಸದ್ದಿಗೇ ಕಣ್ಣು ಎಳೆಯತೊಡಗಿತು. ಸ್ಟೂಲು ಎಳೆದುಕೊಂಡು, ಹಿಟ್ಟು ನುಣ್ಣಗಾಗುವವರೆಗಾದರೂ ರೆಪ್ಪೆ ಕೂಡದಿರಲಪ್ಪ ಎಂದು ಶಿವನನ್ನು ಬೇಡುತ್ತಾ, ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸುತ್ತಾ ಕೂತೆ.